ಮುಂದಿನ ಕೋಣೆಯ ಮಂಚ

ಜೂನ್ ೬

ಪ್ರೀತಿಯ ಭಾವನವರಿಗೆ,

ಸುಖವಾಗಿ ತಲುಪಿದೆ. ರೈಲಿನಲ್ಲಿ ಕೂರಲು ಜಾಗ ಸಿಕ್ಕಿತು. ನೀವು ಕಟ್ಟಿಕೊಟ್ಟ ಡಬ್ಬಿ ಅರ್ಧ ದಾರಿಗೇ ಖಾಲಿಯಾಯಿತು. ಬಾಗಿಲು ತೆಗೆದ ಕೂಡಲೇ ಮಗಳು ಕೇಳಿದ ಮೊದಲ ಪ್ರಶ್ನೆ, "ದೊಡ್ಡಮ್ಮ ನಡೀತಾಳಾ?" ಎಂದು. ನಡೆಯುತ್ತಾಳೆ, ನಿಧಾನಕ್ಕೆ ಎಂದೆ.

ಈ ಕಾಗದ ಯಾಕೆಂದರೆ, ಇದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ನಾನು ಕರೆ ಮಾಡುವ ಹೊತ್ತಿಗೆ ನೀವು ಆಸ್ಪತ್ರೆಯಲ್ಲಿ ಅಕ್ಕನ ಪಕ್ಕದಲ್ಲೇ ಕೂತಿರುತ್ತೀರಿ. ನಿಮಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ನನಗಂತೂ ಮೊದಲೇ ಬರುವುದಿಲ್ಲ.

ವೈದ್ಯರು ವರಾಂಡದಲ್ಲಿ ನಮ್ಮಿಬ್ಬರನ್ನೂ ನಿಲ್ಲಿಸಿ ಹೇಳಿದ್ದು ನೆನಪಿದೆಯಲ್ಲ? ಲಕ್ವದಲ್ಲಿ ಹೋದ ಮಾತು ಮರಳುತ್ತಿದೆ, ಎಡಗೈಯಲ್ಲಿ ಶಕ್ತಿಯಿದೆ, ಬಲಗಾಲನ್ನು ಮಾತ್ರ ನಂಬುವ ಹಾಗಿಲ್ಲ, ಇನ್ನು ಮೆಟ್ಟಿಲು ಹತ್ತುವ ಮಾತು ಬೇಡ. ಹಿಡಿಕೆ ತಿರುಗಿಸಿದರೆ ತಲೆಯ ಕಡೆ ಏಳುತ್ತದಲ್ಲ, ಆ ಥರದ ಮಂಚ ಕೆಳಗೆ ಮುಂದಿನ ಕೋಣೆಗೆ ಬಂದರೆ ಸೆಪ್ಟೆಂಬರಿನಲ್ಲಿ ಮನೆಗೆ ಕಳಿಸುತ್ತಾರೆ. ಬರದಿದ್ದರೆ ಆಸ್ಪತ್ರೆಯಿಂದ ನೇರವಾಗಿ ಆರೈಕೆ ಕೇಂದ್ರಕ್ಕೆ. ಅದಕ್ಕೆ ನೀವು "ನೋಡೋಣ" ಎಂದಿರಿ. ನಿಮ್ಮ "ನೋಡೋಣ" ನನಗೇನು ಹೊಸದೇ? ಹತ್ತನೆಯ ತರಗತಿಯಲ್ಲಿ ಸೈಕಲ್ ಕೇಳಿದಾಗಲೂ ನೋಡೋಣ ಅಂದಿದ್ದಿರಿ. ಇವತ್ತಿಗೂ ನೋಡುತ್ತಲೇ ಇದ್ದೇನೆ.

ಮಹಡಿಯ ಮೇಲೆ ಮಲಗಿ ರೂಢಿಯಾದವರಿಗೆ ಮುಂದಿನ ಕೋಣೆಯಲ್ಲಿ ಮಂಚ ಅಂದರೆ ಮನಸ್ಸು ಒಪ್ಪುವುದಿಲ್ಲ, ಅರ್ಥವಾಗುತ್ತದೆ. ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ಕಚೇರಿಯಲ್ಲಿ ನನ್ನ ಕೆಲಸ ಏನೆಂದು ನಿಮಗೆ ಗೊತ್ತು. ಸೋಫಾ, ಕುರ್ಚಿ, ಕಪಾಟುಗಳನ್ನು ಕಂಪ್ಯೂಟರಿನಲ್ಲೇ ಮಾಡಿ ಯಾವುದೋ ಕೋಣೆಯ ಫೋಟೋದಲ್ಲಿ ಕೂರಿಸುವುದು. ಮರ ಇಲ್ಲ, ಮೊಳೆ ಇಲ್ಲ, ನೋಡಿದವರು ಮಾತ್ರ ಅದು ಮೊದಲಿಂದಲೂ ಅಲ್ಲೇ ಇತ್ತು ಅಂದುಕೊಳ್ಳಬೇಕು. ಹೊರಡುವ ದಿನ ಮುಂದಿನ ಕೋಣೆಯ ಫೋಟೋ ತೆಗೆದುಕೊಂಡಿದ್ದೆ. ಅದರಲ್ಲಿ ಕಿಟಕಿಯ ಕೆಳಗೆ ಮಂಚ ಹಾಕಿದ್ದೇನೆ. ಫೋನಿನಲ್ಲಿ ಕಳಿಸಿದರೆ ಬೆಂಕಿಪೊಟ್ಟಣದಷ್ಟು ಕಾಣುತ್ತದೆ ಎಂದು ಗೊಣಗುತ್ತೀರಿ, ಅದಕ್ಕೇ ದೊಡ್ಡದಾಗಿ ಅಚ್ಚು ಹಾಕಿಸಿ ಇದರ ಜೊತೆ ಇಟ್ಟಿದ್ದೇನೆ. ಮೇಜಿನ ಮೇಲಿಟ್ಟುಕೊಂಡು ದಿನಕ್ಕೊಮ್ಮೆ ನೋಡಿ. ಕಣ್ಣಿಗೆ ರೂಢಿಯಾದರೆ ಮನಸ್ಸಿಗೂ ಆಗುತ್ತದೆ.

ಅಕ್ಕನಿಗೆ ಸದ್ಯಕ್ಕೆ ತೋರಿಸಬೇಡಿ. ಮೊದಲು ನಮ್ಮಿಬ್ಬರಲ್ಲಿ ಒಂದು ತೀರ್ಮಾನವಾಗಲಿ.

ನಿಮ್ಮ
ತರಲೆ


ಜೂನ್ ೧೭

ತರಲೆಗೆ ಭಾವನ ಆಶೀರ್ವಾದ.

ಕಾಗದ ಬಂತು, ಚಿತ್ರವೂ ಬಂತು. ಚಿತ್ರವನ್ನು ವಾಪಸ್ ಕಳಿಸುತ್ತಿದ್ದೇನೆ. ಮೇಲೆ ಕೆಂಪು ಪೆನ್ಸಿಲಿನ ಗುರುತುಗಳಿವೆ, ಗಾಬರಿಯಾಗಬೇಡ. ಮುದ್ರಣಾಲಯದಲ್ಲಿ ಪ್ರೂಫ್ ತಿದ್ದುವವನ ಕೈಗೆ ಏನು ಕೊಟ್ಟರೂ ಹೀಗೇ ಆಗುತ್ತದೆ. ನಿನ್ನ ಮದುವೆಯ ಕರೆಯೋಲೆಯನ್ನೇ ನಾನು ಬಿಟ್ಟವನಲ್ಲ.

ಮೊದಲನೆಯದಾಗಿ, ಈ ಮಂಚ ನೆಲಕ್ಕೆ ತಾಗಿಲ್ಲ. ಒಂದು ಗೇಣು ಮೇಲೆ ತೇಲುತ್ತಿದೆ. ಕಿಟಕಿ ಎಡಕ್ಕಿದೆ, ಮಂಚದ ನೆರಳೂ ಎಡಕ್ಕೇ ಬಿದ್ದಿದೆ. ನಮ್ಮ ಮನೆಗೆ ಅಡುಗೆಮನೆಯ ಕಡೆಯಿಂದ ಇನ್ನೊಬ್ಬ ಸೂರ್ಯ ಹುಟ್ಟುತ್ತಾನೋ? ಹೊದಿಕೆ ಹಲ್ಲುಜ್ಜುವ ಪುಡಿಯ ಹಾಗೆ ಬೆಳ್ಳಗಿದೆ. ನಮ್ಮ ಕೋಣೆಯಲ್ಲಿ ಅಷ್ಟು ಬಿಳಿಯ ವಸ್ತು ಒಂದೂ ಇಲ್ಲ, ಸುಣ್ಣ ಹೊಡೆಸಿದ ಗೋಡೆಯೂ ಸೇರಿ.

ಇವೆಲ್ಲ ಇರಲಿ. ನಿಮ್ಮಕ್ಕನ ಹೊಲಿಗೆ ಮೆಷಿನ್ ಎಲ್ಲಿ? ಕಿಟಕಿಯ ಕೆಳಗೆ ಇದ್ದದ್ದನ್ನು ಎತ್ತಿ ಎಸೆದು ಅಲ್ಲಿ ಮಂಚ ಹಾಕಿದ್ದೀಯ. ಎಸೆಯುವುದನ್ನಾದರೂ ನೆಟ್ಟಗೆ ಎಸೆದಿದ್ದೀಯಾ? ಬೀರುವಿನ ಕನ್ನಡಿ ನೋಡು. ಮೆಷಿನ್ ಅದರೊಳಗೆ ಹಾಗೇ ಇದೆ. ಕೋಣೆಯಲ್ಲಿ ಇಲ್ಲದ್ದು ಕನ್ನಡಿಯಲ್ಲಿ ಇದೆ. ಅಲ್ಲಿ ಎರಡು ಸುತ್ತು ಹಾಕಿ ಗುರುತು ಮಾಡಿದ್ದೇನೆ. ಅವಳು ಬಿದ್ದ ದಿನ ಹೊಲಿಯುತ್ತಿದ್ದ ಪರದೆ ಇನ್ನೂ ಆ ಸೂಜಿಯ ಕೆಳಗೇ ಇದೆ. ನಾನು ತೆಗೆದಿಲ್ಲ. ತೆಗೆಯಬೇಕೆಂದು ಎರಡು ಸಲ ಹೋದೆ, ಆಗಲಿಲ್ಲ.

ನಿನ್ನ ಪ್ರಯತ್ನ ಒಳ್ಳೆಯದೇ. ಆದರೆ ಆ ಮಂಚ ನಮಗೆ ಬೇಡ. ಅವಳ ಕೋಣೆ ಮಹಡಿಯ ಮೇಲಿದೆ, ಅವಳು ಅಲ್ಲೇ ಇರುತ್ತಾಳೆ. ಹತ್ತಲಾರಳು ಅಂದರೆ ನಾನು ಎತ್ತಿಕೊಂಡು ಹೋಗುತ್ತೇನೆ. ನನಗಿನ್ನೂ ಅರವತ್ತಾಗಿಲ್ಲ.

ಮಗುವಿಗೆ ಮುತ್ತು.

ನಿನ್ನ ಭಾವ


ಜುಲೈ ೨

ಪ್ರೀತಿಯ ಭಾವನವರಿಗೆ,

ಮೊಸರಿನಲ್ಲಿ ಕಲ್ಲು ಹುಡುಕುವವರಿಗೆ ಸಿಕ್ಕಿದ ಕಲ್ಲುಗಳೆಲ್ಲ ನಿಜವಾದವೇ ಆಗಿದ್ದರೆ ಮೊಸರು ಮಾಡಿದವಳು ಏನು ಮಾಡಬೇಕು? ಒಪ್ಪಿಕೊಳ್ಳಬೇಕು. ಕಚೇರಿಯಲ್ಲಿ ಯಾರಿಗೋ ಮಾಡಿದ್ದ ಮಂಚವನ್ನು ಅವಸರದಲ್ಲಿ ತಂದು ಅಂಟಿಸಿದ್ದೆ. ಅದಕ್ಕೆ ಬೆಳಕು ಬಲಗಡೆಯಿಂದ ಬಿದ್ದಿತ್ತು. ನಮ್ಮ ಮನೆಯ ಕೆಲಸ ತಾನೇ ಎಂಬ ಸದರ.

ಈ ಸಲ ಹಾಗಲ್ಲ. ಮೊದಲಿಂದ ಮಾಡಿ ಎರಡನೆಯ ಚಿತ್ರ ಇಟ್ಟಿದ್ದೇನೆ. ಫೋಟೋ ತೆಗೆದಾಗ ಫೋನು ನನ್ನ ಎದೆಯ ಎತ್ತರದಲ್ಲಿತ್ತು. ಮಂಚವನ್ನೂ ಅದೇ ಎತ್ತರದಿಂದ ನೋಡಿದ ಹಾಗೆ ಇಳಿಸಿದೆ. ವಸ್ತುವೊಂದು ನೆಲದ ಮೇಲೆ ಕೂತಿದೆ ಅನ್ನಿಸಬೇಕಾದರೆ ದೊಡ್ಡ ನೆರಳಿಗಿಂತ ಸಣ್ಣ ನೆರಳು ಮುಖ್ಯ. ಕಾಲು ನೆಲಕ್ಕೆ ತಾಗುವ ಕಡೆ ದಾರದೆಳೆಯಷ್ಟು ಕಪ್ಪು ಇರುತ್ತದೆ, ಬೆಳಕು ನುಗ್ಗಲಾರದ ಜಾಗ. ಅದಿಲ್ಲದಿದ್ದರೆ ಎಷ್ಟು ಭಾರದ ವಸ್ತುವೂ ಗಾಳಿಯಲ್ಲೇ ನಿಲ್ಲುತ್ತದೆ. ಅದನ್ನು ಹಾಕಿದ್ದೇನೆ. ಹೊದಿಕೆಗೆ ನಮ್ಮ ಗೋಡೆಯ ಹಳದಿ ಸ್ವಲ್ಪ ಹತ್ತಿಸಿದ್ದೇನೆ. ಪಕ್ಕದಲ್ಲಿದ್ದವರ ಬಣ್ಣ ವಸ್ತುಗಳಿಗೂ ಹತ್ತುತ್ತದೆ ಭಾವ, ನಿಮಗೆ ಅಕ್ಕನ ಮೂಗಿನ ತುದಿಯ ಕೋಪ ಹತ್ತಿದ ಹಾಗೆ.

ಮೆಷಿನ್ ಎಸೆದಿಲ್ಲ. ಬೀರುವಿನ ಆಚೆ ಬದಿಗೆ ಸರಿಸಿದ್ದೇನೆ, ಪರದೆ ಸಮೇತ. ಆ ಪರದೆಯ ವಿಷಯ ಓದಿ ಕಚೇರಿಯ ಕುರ್ಚಿಯಲ್ಲಿ ಕೂತು ಅತ್ತೆ. ಪಕ್ಕದವಳು ಏನಾಯಿತು ಅಂದಳು, ಶೀತ ಅಂದೆ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಕೋಣೆಗೆ ಬೆಳಕು ಎಲ್ಲೆಲ್ಲಿಂದ ಬರುತ್ತದೆ ಎಂದು ಕಂಪ್ಯೂಟರಿಗೆ ಹೇಳಬೇಕಾದರೆ ನಾವು ಫಳಫಳ ಹೊಳೆಯುವ ಒಂದು ಗುಂಡನ್ನು ವಸ್ತು ಬರಬೇಕಾದ ಜಾಗದಲ್ಲಿಟ್ಟು ಫೋಟೋ ತೆಗೆಯುತ್ತೇವೆ. ಕಿಟಕಿ, ಬಾಗಿಲು, ಸೂರು, ಗೋಡೆ ಎಲ್ಲವೂ ಆ ಗುಂಡಿನ ಮೈಯಲ್ಲಿ ಕಾಣುತ್ತವೆ. ಗುಂಡು ನಿಮ್ಮ ಹತ್ತಿರ ಇರುವುದಿಲ್ಲ. ದೊಡ್ಡ ಸ್ಟೀಲ್ ಬೋಗುಣಿಯನ್ನು ಚೆನ್ನಾಗಿ ಉಜ್ಜಿ, ಕಿಟಕಿಯ ಮುಂದೆ ಸ್ಟೂಲಿನ ಮೇಲೆ ಬೋರಲು ಹಾಕಿ, ಬೆಳಿಗ್ಗೆ ಬಿಸಿಲಿರುವಾಗ ಹತ್ತಿರದಿಂದ ಒಂದು ಫೋಟೋ ತೆಗೆದು ಫೋನಿಗೆ ಕಳಿಸಿ. ಆಮೇಲೆ ನಿಮ್ಮ ಕೆಂಪು ಪೆನ್ಸಿಲಿಗೆ ಕೆಲಸವೇ ಇರುವುದಿಲ್ಲ.

ಎತ್ತಿಕೊಂಡು ಹೋಗುವ ಮಾತು ತಮಾಷೆಗೆ ಬರೆದದ್ದು ಅಂದುಕೊಂಡಿದ್ದೇನೆ.

ನಿಮ್ಮ
ತರಲೆ


ಜುಲೈ ೧೪

ತರಲೆಗೆ,

ಬೋಗುಣಿಯ ಫೋಟೋ ಕಳಿಸಿದ್ದೇನೆ, ಸಿಕ್ಕಿರಬಹುದು. ಉಜ್ಜಿ ಉಜ್ಜಿ ತೋಳು ಬಿದ್ದುಹೋಯಿತು. ಸ್ಟೂಲಿನ ಒಂದು ಕಾಲು ಗಿಡ್ಡ, ಅದರಡಿಗೆ ಹಳೆಯ ಪ್ರೂಫ್ ಮಡಚಿ ಇಟ್ಟೆ. ಎಷ್ಟು ಸಲ ತೆಗೆದರೂ ಬೋಗುಣಿಯ ನಡುವೆ ನನ್ನದೇ ಮುಖ, ಉಬ್ಬಿದ ಮೂಗು, ಸಣ್ಣ ಕಾಲು. ಇಂಥ ಮನುಷ್ಯನನ್ನು ಇಷ್ಟು ವರ್ಷ ಹೇಗೆ ಸಹಿಸಿಕೊಂಡೆ ಎಂದು ಸಂಜೆ ನಿಮ್ಮಕ್ಕನನ್ನು ಕೇಳಬೇಕೆನಿಸಿತು. ಕೇಳಲು ಹೋದರೆ ಬೋಗುಣಿಯ ಕಥೆಯೂ ಹೇಳಬೇಕಾಗುತ್ತದಲ್ಲ, ಸುಮ್ಮನಾದೆ.

ಎರಡನೆಯ ಚಿತ್ರ ಮೊದಲಿನದಕ್ಕಿಂತ ವಾಸಿ. ಮಂಚ ನೆಲಕ್ಕೆ ಇಳಿದಿದೆ. ಆದರೂ ಪೆನ್ಸಿಲ್ ಹಿಡಿದೆ. ಫೋಟೋ ಒಂದಿಷ್ಟು ಮಬ್ಬು, ನಿನ್ನ ಫೋನಿನದೇ ತರಿತರಿ. ಮಂಚ ಮಾತ್ರ ಈಗ ತಾನೇ ತೊಳೆದಿಟ್ಟ ಹಾಗೆ ಸ್ವಚ್ಛ. ನಮ್ಮ ನೆಲ ಸ್ವಲ್ಪ ಹೊಳೆಯುತ್ತದೆ, ಬೀರುವಿನ ಕಾಲು ಅದರಲ್ಲಿ ಮಸುಕಾಗಿ ಕಾಣುತ್ತದೆ. ಮಂಚದ ಕಾಲು ಕಾಣುವುದಿಲ್ಲ. ಹಿಡಿಕೆ ಗೋಡೆಯ ಕಡೆಗಿದೆ. ಅಲ್ಲಿಗೆ ಕೈ ಹಾಕಬೇಕಾದರೆ ನಾನು ಹಲ್ಲಿಯಾಗಬೇಕು.

ನಿಮ್ಮಕ್ಕ ಚೆನ್ನಾಗಿದ್ದಾಳೆ. ಕಂಬಿ ಹಿಡಿದು ಗೋಡೆಯುದ್ದಕ್ಕೂ ನಡೆಯುತ್ತಾಳೆ. ನಾನು ಏನು ಹೇಳಿದರೂ ಹೂಂ ಅನ್ನುತ್ತಾಳೆ. ಊಟ ಮಾಡು ಅಂದರೆ ಹೂಂ, ಮಲಗು ಅಂದರೆ ಹೂಂ. ನಿನ್ನೆ "ಮನೆ ಹೇಗಿದೆ?" ಅಂದಳು. "ಇದ್ದ ಹಾಗೇ ಇದೆ" ಅಂದೆ. ಮೆಟ್ಟಿಲಿನ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ನಿನ್ನ ಭಾವ


ಜುಲೈ ೨೨

ಭಾವನವರೇ,

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತಂತೆ. ನೀವು ನಿಮ್ಮ ಬೋಗುಣಿಯನ್ನು ಒಂದು ಸಲವಾದರೂ ಸರಿಯಾಗಿ ನೋಡಿದ್ದೀರಾ?

ನಾನು ನೋಡಿದೆ. ನನ್ನ ಕೆಲಸವೇ ಅದು. ಫೋಟೋವನ್ನು ಕಂಪ್ಯೂಟರಿನ ಪರದೆಯ ಮೇಲೆ ಗೋಡೆಯಷ್ಟು ದೊಡ್ಡದು ಮಾಡಿ, ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ ಎಂದು ಗುರುತು ಹಾಕುತ್ತ ಹೋದೆ. ಎಡಕ್ಕೆ ಕಿಟಕಿ. ಬಲಕ್ಕೆ ಅಡುಗೆಮನೆಯ ಬಾಗಿಲು. ನಡುವೆ ನೀವು. ನಿಮ್ಮ ಬೆನ್ನ ಹಿಂದೆ ಮಹಡಿಯ ಮೆಟ್ಟಿಲು. ಮೆಟ್ಟಿಲು ತಿರುಗುವ ಕಡೆ ಏನೋ ಒಂದು ಗಂಟು. ಬೋಗುಣಿಯ ಅಂಚಿನಲ್ಲಿ ಎಲ್ಲವೂ ಬಾಗಿ ಕಾಣುತ್ತದೆ, ಮೊದಲು ತಿಳಿಯಲಿಲ್ಲ. ಆಮೇಲೆ ಗೊತ್ತಾಯಿತು. ಮುದ್ರಣಾಲಯದ ಕಾಗದದ ಕಟ್ಟುಗಳು, ಒಂದರ ಮೇಲೊಂದು. ಅವನ್ನು ಸುತ್ತಿ ಕಟ್ಟಿರುವುದು ಅಕ್ಕನ ನೀಲಿ ಶಾಲಿನಲ್ಲಿ. ನೀವು ಅಂಗಿಯ ಮೇಲೆ ಸೊಂಟದ ಪಟ್ಟಿ ಬಿಗಿದುಕೊಂಡಿದ್ದೀರಿ.

ನೀವು ಅಭ್ಯಾಸ ಮಾಡುತ್ತಿದ್ದೀರಿ. ಅಕ್ಕನ ತೂಕದಷ್ಟು ಕಾಗದವನ್ನು ಅವಳ ಶಾಲಿನಲ್ಲೇ ಕಟ್ಟಿಕೊಂಡು ಮೆಟ್ಟಿಲು ಹತ್ತುತ್ತಿದ್ದೀರಿ.

ಸಿಟ್ಟು ಬಂತು. ಫೋನ್ ಎತ್ತಿಕೊಂಡು ಬೈಯಬೇಕೆಂದು ನಿಮ್ಮ ನಂಬರ್ ಒತ್ತಿದವಳು ಕತ್ತರಿಸಿದೆ. ಆ ಶಾಲು ನೋಡಿ ಬೈಯುವುದು ಹೇಗೆ? ಆದರೆ ಭಾವ, ನಿಮ್ಮ ಮೇಲಿನ ಪ್ರೀತಿಯಿಂದಲೇ ಹೇಳುತ್ತೇನೆ, ಇದು ಹುಚ್ಚು. ಕಾಗದ ಅಲುಗಾಡುವುದಿಲ್ಲ, ಹೆದರುವುದಿಲ್ಲ, ನಿಮ್ಮ ಕುತ್ತಿಗೆ ಹಿಡಿದು ಎಳೆಯುವುದಿಲ್ಲ. ಆ ತಿರುವಿನಲ್ಲಿ ಮೆಟ್ಟಿಲು ಎಷ್ಟು ಕಿರಿದು ಎಂದು ನನಗೆ ಗೊತ್ತು. ಕಾಲೇಜಿಗೆ ಹೋಗುವಾಗ ಎಷ್ಟು ಸಲ ಅಲ್ಲಿ ಮೊಣಕಾಲು ತರಚಿಕೊಂಡಿದ್ದೇನೆ. ಅಲ್ಲಿ ನೀವು ಬಿದ್ದರೆ ಇಬ್ಬರೂ ಬೀಳುತ್ತೀರಿ. ಆಮೇಲೆ ನಾನು ಯಾರನ್ನು ನೋಡಲು ಬರಬೇಕು? ಅಪ್ಪ ಅಮ್ಮ ಹೋದ ಮೇಲೆ ನನಗೆ ತವರು ಅಂತ ಇರುವುದು ನೀವಿಬ್ಬರೇ.

ಮೂರನೆಯ ಚಿತ್ರ ಇಟ್ಟಿದ್ದೇನೆ. ಬೋಗುಣಿಯಲ್ಲಿ ಸಿಕ್ಕ ಬೆಳಕನ್ನೇ ಹಾಕಿದ್ದೇನೆ. ಕಿಟಕಿಯದು, ಅಡುಗೆಮನೆಯಿಂದ ಬರುವ ತುಸು, ಎದುರುಮನೆಯ ಗೋಡೆಗೆ ಬಡಿದು ವಾಪಸ್ ಬರುವ ಇನ್ನೂ ತುಸು. ಫೋಟೋದ ಮಬ್ಬನ್ನು ಮಂಚಕ್ಕೂ ಕೊಟ್ಟಿದ್ದೇನೆ. ಕಾಲುಗಳು ನೆಲದಲ್ಲಿ ಕಾಣುತ್ತವೆ. ಹಿಡಿಕೆ ಕೋಣೆಯ ಕಡೆಗಿದೆ. ಹೊದಿಕೆಯನ್ನು ಸ್ವಲ್ಪ ಮುದುರಿಸಿದ್ದೇನೆ. ಇದರಲ್ಲಿ ತಪ್ಪು ತೋರಿಸಿ ನೋಡೋಣ. ತೋರಿಸಲಾಗದಿದ್ದರೆ ಮಂಚಕ್ಕೆ ಹೇಳಿಬಿಡಿ. ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದನ್ನು ಬಿಡಿ.

ನಿಮ್ಮ
ತರಲೆ


ಆಗಸ್ಟ್ ೫

ತರಲೆಗೆ,

ನಿನ್ನ ಕಾಗದ ಕೈಗೆ ಬರುವ ಮುಂಚೆಯೇ ಆ ಅಭ್ಯಾಸ ಮುಗಿದಿತ್ತು. ನೀನು ಗೆದ್ದೆ ಅಂದುಕೊಳ್ಳಬೇಡ, ಗೆದ್ದದ್ದು ಮೆಟ್ಟಿಲು.

ಒಂದು ಭಾನುವಾರ ತಿರುವಿನವರೆಗೆ ಚೆನ್ನಾಗಿಯೇ ಹತ್ತಿದ್ದೆ. ಇವತ್ತು ಆಯಿತು ಅಂದುಕೊಳ್ಳುವಷ್ಟರಲ್ಲಿ ಮೊಣಕಾಲು ಕೈಕೊಟ್ಟಿತು. ನಾನು ಕಂಬಿ ಹಿಡಿದುಕೊಂಡೆ. ಗಂಟು ಜಾರಿತು. ಅದು ಒಂದೊಂದೇ ಮೆಟ್ಟಿಲಿಗೆ ಬಡಿಯುತ್ತ ಕೆಳಗೆ ಹೋದ ಸದ್ದು ಈಗಲೂ ಕಿವಿಯಲ್ಲಿದೆ. ಶಾಲು ಬಿಚ್ಚಿಕೊಂಡು ಮುಂದಿನ ಕೋಣೆಯ ತುಂಬಾ ಕಾಗದ. ನಾನು ಮೆಟ್ಟಿಲ ಮೇಲೇ ಕೂತೆ. ಮೊದಲು ಮಾಡಿದ್ದೇನು ಗೊತ್ತೇ? ಅವಳ ಹೆಸರು ಹಿಡಿದು ಕೂಗಿದೆ. ಕಾಗದಕ್ಕೆ.

ಆದ್ದರಿಂದ ಎತ್ತಿಕೊಂಡು ಹೋಗುವ ಮಾತು ಮುಗಿಯಿತು. ಅವಳು ಬರುವುದಾದರೆ ಕೆಳಗಿನ ಕೋಣೆಗೇ.

ಇನ್ನು ಚಿತ್ರ. ಇದನ್ನು ಬೆಳಿಗ್ಗೆ ನೋಡಿದೆ, ಸಂಜೆ ದೀಪದಲ್ಲಿ ನೋಡಿದೆ, ಭೂತಗನ್ನಡಿ ಇಟ್ಟೂ ನೋಡಿದೆ. ಬೆಳಕು ಸರಿ, ನೆರಳು ಸರಿ, ಕಾಲು ಸರಿ. ನೀನು ಹೇಳಿದ ದಾರದೆಳೆ ಕಪ್ಪೂ ಇದೆ. ಒಂದು ಕಡೆ ಪೆನ್ಸಿಲ್ ಇಟ್ಟೆ, ಗುರುತು ಹಾಕುವುದಕ್ಕೆ ಏನೂ ಇರಲಿಲ್ಲ, ಎತ್ತಿದೆ. ಪ್ರೂಫಿನಲ್ಲಿ ತಪ್ಪಿಲ್ಲದಿದ್ದರೆ ಕೆಳಗೆ ಸಹಿ ಹಾಕಿ ಅಚ್ಚಿಗೆ ಬಿಡಬೇಕು. ಅದು ನಮ್ಮ ವೃತ್ತಿಯ ಧರ್ಮ. ಸಹಿ ಹಾಕಲೂ ಕೈ ಬರಲಿಲ್ಲ.

ಏನೋ ಒಂದು ಸರಿ ಇಲ್ಲ ಕಣಮ್ಮ. ಏನು ಅಂದರೆ ಹೇಳಲಾರೆ. ಇಷ್ಟು ವರ್ಷದಲ್ಲಿ ತಪ್ಪು ಇದೆ ಎಂದು ಗೊತ್ತಿದ್ದೂ ತೋರಿಸಲಾರದೆ ಹೋದದ್ದು ಇದೇ ಮೊದಲು. ಅಂಗಡಿಯವರು ಮಂಚ ಸಿದ್ಧವಿದೆ ಅನ್ನುತ್ತಾರೆ, ನಾನು ತಿಂಗಳ ಕೊನೆಗೆ ಹೇಳುತ್ತೇನೆ ಅನ್ನುತ್ತೇನೆ. ಚಿತ್ರ ಅಂಗಿಯ ಜೇಬಿನಲ್ಲಿದೆ. ಬಸ್ಸಿನಲ್ಲಿ ತೆಗೆದು ನೋಡುತ್ತೇನೆ, ಮಡಚಿ ಇಡುತ್ತೇನೆ.

ಕೋಪ ಮಾಡಿಕೊಳ್ಳಬೇಡ.

ನಿನ್ನ ಭಾವ


ಆಗಸ್ಟ್ ೧೨

ಮರಿ,

ಬರೀತಿರೋದು ವಾರ್ಡಿನ ಸಿಸ್ಟರು, ಬೈಯ್ತಿರೋದು ನಾನು. ನಾನು ಹೇಳಿದ್ದನ್ನ ಹೇಳಿದ ಹಾಗೇ ಬರೀಬೇಕು, ಒಂದಕ್ಷರ ನಯ ಮಾಡಬಾರದು ಅಂತ ಮೊದಲೇ ಮಾತಾಗಿದೆ.

ನಿನ್ನೆ ನಿಮ್ಮ ಭಾವ ಕುರ್ಚೀಲಿ ಕೂತ್ಕೊಂಡೇ ನಿದ್ದೆ ಹೋದ್ರು. ಬಾಯಿ ತೆರ್ಕೊಂಡು. ಜೇಬಿಂದ ಏನೋ ಇಣುಕ್ತಿತ್ತು. ಎಡಗೈ ಹಾಕಿ ಎಳ್ಕೊಂಡೆ. ಎಡಗೈಲಿ ಮಾಡಿದ ಮೊದಲನೇ ಕಳ್ಳತನ, ಚೆನ್ನಾಗೇ ಬಂತು.

ಬಿಡಿಸಿ ನೋಡಿದ್ರೆ ನಮ್ಮನೆ ಕೋಣೆ. ಕಿಟಕಿ ಕೆಳಗೆ ಆಸ್ಪತ್ರೆ ಮಂಚ. ನನ್ನ ಮೆಷಿನ್ನು ಮೂಲೆಗೆ. ನಂಗೆ ಅದು ಸುಳ್ಳು ಅಂತ ಗೊತ್ತೇ ಆಗ್ಲಿಲ್ಲ ಕಣೆ. ತಂದು ಹಾಕೇ ಬಿಟ್ಟಿದಾರೆ, ನನ್ನ ಒಂದು ಮಾತು ಕೇಳ್ಲಿಲ್ಲ ಅಂದ್ಕೊಂಡೆ. ತುಂಬ ಅಳು ಬಂತು. ಆ ಸದ್ದಿಗೆ ಇವ್ರು ಎದ್ರು. ನನ್ನ ಕೈಲಿ ಚಿತ್ರ ನೋಡಿ ಮುಖ ಪೇಲವ ಆಯ್ತು. "ಅಯ್ಯೋ, ಅದು ನಿಜ ಅಲ್ಲ, ನಿನ್ನ ತಂಗಿ ಕಂಪ್ಯೂಟರಲ್ಲಿ ಮಾಡಿದ್ದು, ಮನೇಲಿ ಏನೂ ಆಗಿಲ್ಲ" ಅಂತ ನೂರು ಸಲ ಹೇಳಿದ್ರು. ಇನ್ಮೇಲಿಂದ ಅಷ್ಟು ನಿಜ ಮಾಡ್ಬೇಡ, ಎದೆ ಒಡ್ದು ಹೋಗತ್ತೆ.

ಆಮೇಲೆ ಎಲ್ಲಾ ಹೊರಗೆ ಬಂತು. ಕೆಂಪು ಪೆನ್ಸಿಲ್ಲು, ಬೋಗುಣಿ, ನನ್ನ ಶಾಲಲ್ಲಿ ಕಟ್ಟಿದ ಕಾಗದ. ಎತ್ತು ಏರಿಗೆ ಎಳದ್ರೆ ಕೋಣ ನೀರಿಗೆ ಎಳೀತು ಅನ್ನೋ ಹಾಗೆ ನೀವಿಬ್ರೂ ಎರಡು ತಿಂಗಳು ಎಳೆದಾಡಿದೀರ. ನಡುವೆ ಗಾಡೀಲಿ ಕೂತಿದ್ದು ನಾನು. ನನ್ನ ಕೇಳಿದ್ರಾ? ಈ ಕಾಲು ನಂದು. ಅದು ಮೆಟ್ಟಿಲು ಹತ್ತಲ್ಲ ಅಂತ ಡಾಕ್ಟ್ರಿಗಿಂತ ಮೊದಲು ನಂಗೆ ಗೊತ್ತಾಗಿದೆ. ನಾನೇ ಹೇಳಿದ್ರೆ ಇವ್ರು ಕುಸಿದು ಹೋಗ್ತಾರೆ ಅಂತ ಸುಮ್ನೆ ಹೂಂ ಹೂಂ ಅಂತಿದ್ದೆ.

ಈಗ ಮುಖ್ಯ ವಿಷಯ. "ಚಿತ್ರದಲ್ಲಿ ಏನೋ ಸರಿ ಇಲ್ಲ, ಏನು ಅಂತ ಸಿಗ್ತಿಲ್ಲ" ಅಂದ್ರು ಇವ್ರು. ನಂಗೆ ನೋಡಿದ ಕೂಡ್ಲೇ ಸಿಕ್ತು. ಇವ್ರಿಗೂ ಸಿಕ್ಕಿರತ್ತೆ, ಹೇಳಕ್ಕೆ ಬಾಯಿ ಬಂದಿಲ್ಲ ಅಷ್ಟೆ. ಇವ್ರಿಗೆ ನೀನು ನಾದಿನಿ, ಪರೀಕ್ಷೆಗೆ ಓದೋ ವಯಸ್ಸಿಂದ ನಮ್ಮನೇಲಿ ಬೆಳೆದವಳು. ನಿಂಗೆ ಅಂಥ ಮಾತು ಹೇಗೆ ಬರೀತಾರೆ?

ಒಂದೇ ಮಂಚ ಇದೆ ಮರಿ. ಒಬ್ಬರು ಮಲಗೋ ಮಂಚ. ಇವ್ರು ಎಲ್ಲಿ ಮಲಗ್ಬೇಕು?

ಸಿಸ್ಟರ್ ನಗ್ತಿದಾರೆ. ನಗಿ, ಆದ್ರೆ ಬರೀರಿ. ಮದುವೆ ಆದಾಗಿಂದ ನಾವು ಬೇರೆ ಬೇರೆ ಮಲಗಿದ್ದು ನಾನು ಈ ಆಸ್ಪತ್ರೆಗೆ ಬಂದ್ಮೇಲೇನೇ. ಜಗಳ ಆಡಿದ್ರೂ ಒಂದೇ ಮಂಚದ ಮೇಲೆ ಬೆನ್ನು ತಿರುಗಿಸ್ಕೊಂಡು ಮಲಗಿದೀವಿ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರೆ. ಮಲಗೋ ಜಾಗಾನೇ ಕೆಳಗೊಂದು ಮೇಲೊಂದು ಆದ್ರೆ ಆ ಜಗಳ ಎಲ್ಲಿಗೆ ಹೋಗಿ ಮುಗೀಬೇಕು ಹೇಳು. ನಾನು ಕೆಳಗೆ ಬೀದಿ ನೋಡ್ತಾ, ಇವ್ರು ಮೇಲೆ ಸೂರು ನೋಡ್ತಾ. ಅದಕ್ಕೆ ಈ ಮನುಷ್ಯ ಕಾಗದ ಹೊತ್ತಿದ್ದು. ಅದಕ್ಕೇ ನಿನ್ನ ನೆರಳು ಸರಿ ಇಲ್ಲ, ಹೊದಿಕೆ ಸರಿ ಇಲ್ಲ ಅಂತ ನೆಪ ತೆಗೆದಿದ್ದು.

ಇನ್ನೊಂದು ಮಂಚ ಹಾಕಿ ಕಳ್ಸು. ಇವ್ರ ಜೊತೆ ನಾನು ಈ ವಿಷಯ ಮಾತಾಡಿಲ್ಲ. ನಿನ್ನ ಚಿತ್ರಾನೇ ಮಾತಾಡಲಿ.

ಅಕ್ಕ

(ಸಹಿ ನಾನೇ ಹಾಕಿದ್ದು, ಎಡಗೈಲಿ. ಕೋಳಿ ಕೆದಕಿದ ಹಾಗಿದೆ ಅಂತ ನಗ್ಬೇಡ.)


ಆಗಸ್ಟ್ ೧೯

ಅಕ್ಕನಿಗೂ ಭಾವನವರಿಗೂ,

ಇಬ್ಬರಿಗೂ ಸೇರಿಸಿ ಒಂದೇ ಕಾಗದ ಬರೆಯುತ್ತಿದ್ದೇನೆ. ಮೊದಲೇ ಹೀಗೆ ಬರೆಯಬೇಕಾಗಿತ್ತು.

ಕಚೇರಿಯಲ್ಲಿ ನಾನು ಮಾಡುವ ಮಂಚಗಳ ಮೇಲೆ ಯಾರೂ ಮಲಗುವುದಿಲ್ಲ. ದಿಂಬಿನ ಮೇಲೆ ತಲೆಯ ಗುಳಿ ಇರಬಾರದು, ಹೊದಿಕೆಯಲ್ಲಿ ಯಾರೋ ಎದ್ದು ಹೋದ ಗುರುತು ಇರಬಾರದು, ಅದೇ ನಿಯಮ. ಅಂಥವನ್ನೇ ಮಾಡಿ ಮಾಡಿ, ಮಂಚ ಎಂದರೆ ನಾಲ್ಕು ಕಾಲು, ಒಂದು ನೆರ‍ಳು ಅಷ್ಟೇ ಅಂದುಕೊಂಡಿದ್ದೆ. ಕಾಲುಗಳು ನೆಲಕ್ಕೆ ತಾಗುತ್ತವೋ ಇಲ್ಲವೋ ಎಂದು ಅಷ್ಟು ದಿನ ನೋಡಿದೆ. ಯಾರು ಯಾರ ಪಕ್ಕ ಮಲಗುತ್ತಾರೆ ಎಂದು ಒಂದು ಸಲವೂ ಯೋಚಿಸಲಿಲ್ಲ. ಅಕ್ಕಾ, ನಿನ್ನ ಕಾಗದ ಓದಿ ನಾಚಿಕೆಯಾಯಿತು, ನಗುವೂ ಬಂತು, ಆಮೇಲೆ ನಮ್ಮ ಯಜಮಾನರಿಗೆ ಓದಿ ಹೇಳಿದೆ. ರಾತ್ರಿ ಅವರು ತಮ್ಮ ದಿಂಬನ್ನು ಸ್ವಲ್ಪ ಈಚೆಗೆ ಸರಿಸಿಕೊಂಡರು.

ನಾಲ್ಕನೆಯ ಚಿತ್ರ ಇಟ್ಟಿದ್ದೇನೆ. ಹಿಡಿಕೆಯ ಮಂಚದ ತಲೆಯ ಕಡೆಯನ್ನು ಪೂರ್ತಿ ಇಳಿಸಿ ಪಕ್ಕಕ್ಕೆ ಅದೇ ಎತ್ತರದ ಸಾದಾ ಮಂಚ ಹಾಕಿದ್ದೇನೆ. ಎರಡು ವಸ್ತು ಪಕ್ಕಪಕ್ಕ ಇದ್ದರೆ ನಡುವಿನ ಸಂದಿಯಲ್ಲಿ ಕಪ್ಪು ಗೆರೆ ಬೀಳುತ್ತದೆ. ಅದನ್ನು ಹಾಕಿದ್ದೆ, ನೋಡಿದೆ, ಚೆನ್ನಾಗಿ ಕಾಣಲಿಲ್ಲ. ಮಂಚವನ್ನೇ ಸರಿಸಿ ಸಂದಿ ಮುಚ್ಚಿದೆ. ಇನ್ನೂ ಹೆಚ್ಚು ಬರೆದರೆ ಭಾವನವರ ಕಿವಿ ಕೆಂಪಾಗುತ್ತದೆ.

ಕೋಣೆಯಲ್ಲಿ ಓಡಾಡಲು ಜಾಗ ಕಡಿಮೆಯಾಯಿತು, ಮೇಜು ಅಡುಗೆಮನೆಗೆ ಹೋಗಬೇಕು. ಅದಕ್ಕೆ ನೀವಿಬ್ಬರೂ ಏನು ಹೇಳುತ್ತೀರೋ ಹೇಳಿ. ರಜೆ ಉಳಿಸಿಟ್ಟುಕೊಂಡಿದ್ದೇನೆ, ಅಕ್ಕ ಮನೆಗೆ ಬರುವ ದಿನ ಬರುತ್ತೇನೆ.

ನಿಮ್ಮಿಬ್ಬರ
ತರಲೆ


ಆಗಸ್ಟ್ ೩೦

ತರಲೆಗೆ ಆಶೀರ್ವಾದ.

ಚಿತ್ರವನ್ನು ಆಸ್ಪತ್ರೆಯಲ್ಲೇ ಬಿಡಿಸಿದೆ, ನಿಮ್ಮಕ್ಕನ ಮುಂದೆ. ಅವಳು ಚಿತ್ರ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡಕ ಒರೆಸುವ ನೆಪ ಮಾಡಿದೆ. ಬಹಳ ಹೊತ್ತು ಒರೆಸಿದೆ. ಸಹಿ ಹಾಕಿದ್ದೇನೆ, ಕೆಳಗೆ, ಬಲಗಡೆ.

ಎರಡೂ ಮಂಚಕ್ಕೆ ಹೇಳಿಯಾಯಿತು, ಗುರುವಾರ ಬರುತ್ತವೆ. ಮೇಜು ಅಡುಗೆಮನೆಗೆ ಹೋಯಿತು. ಮೆಷಿನನ್ನು ಬೀರುವಿನ ಬದಿಗೆ ನಾನೇ ಸರಿಸಿದೆ. ಸೂಜಿಯ ಕೆಳಗಿನ ಪರದೆಯನ್ನು ಹೇಗೆ ಬಿಡಿಸುವುದೆಂದು ಅವಳು ಫೋನಿನಲ್ಲಿ ಹೇಳಿಕೊಟ್ಟಳು. ಎರಡು ಸಲ ದಡ್ಡ ಅಂದಳು. ವೈದ್ಯರು ಮುಂದಿನ ಸೋಮವಾರ ಮನೆಗೆ ಎಂದಿದ್ದಾರೆ. ರೈಲಿನ ಟಿಕೆಟ್ ಮಾಡಿಸಿಕೋ, ಮಗುವನ್ನೂ ಕರೆದುಕೊಂಡು ಬಾ.

ಆದರೆ ಒಂದು ರಗಳೆ ಹತ್ತಿಕೊಂಡಿದೆ, ಅದಕ್ಕೆ ಕಾರಣ ನೀನು. ನನ್ನ ಸಾದಾ ಮಂಚವನ್ನು ಕಿಟಕಿಯ ಕಡೆಗೆ ಹಾಕಿದ್ದೀಯ. ಕಿಟಕಿಯ ಕಡೆ ತನಗೇ ಬೇಕು ಅನ್ನುತ್ತಾಳೆ ನಿಮ್ಮಕ್ಕ, ಬೀದಿ ನೋಡಬೇಕಂತೆ. ಮದುವೆಯಾದಾಗಿನಿಂದ ಕಿಟಕಿಯ ಕಡೆ ಮಲಗಿದವನು ನಾನು, ಬಿಟ್ಟುಕೊಡುವುದಿಲ್ಲ ಅಂದೆ. "ಗಾಳಿ ಎಲ್ಲಾ ನೀವೇ ಕುಡಿದಿದ್ದು ಸಾಕು, ಇನ್ಮೇಲೆ ನನ್ನ ಸರದಿ" ಅಂದಳು. ಪಕ್ಕದ ಮಂಚದ ರೋಗಿಯನ್ನು ಸಾಕ್ಷಿಗೆ ಕರೆದಳು. ಸಿಸ್ಟರ್ ಬಂದು ಇಬ್ಬರಿಗೂ ಗದರಿದರು. ಮೂರು ದಿನದಿಂದ ಇದೇ ನಡೆಯುತ್ತಿದೆ. ನಿನ್ನೆ ಬಸ್ಸಿಗೆ ಹೊರಟವನನ್ನು ಬಾಗಿಲಿನಿಂದ ವಾಪಸ್ ಕರೆದು ಇನ್ನೊಂದು ಮಾತು ಹೇಳಿ ಕಳಿಸಿದಳು.

ಬಿದ್ದ ದಿನದಿಂದ ಅವಳು ನನ್ನ ಜೊತೆ ಒಂದು ಸಲವೂ ಜಗಳವಾಡಿರಲಿಲ್ಲ. ಏನು ಹೇಳಿದರೂ ಹೂಂ ಅನ್ನುತ್ತಿದ್ದಳಲ್ಲ, ನನಗೆ ಆ ಕಾಲಿಗಿಂತ ಆ ಹೂಂ ಹೆಚ್ಚು ಹೆದರಿಸಿತ್ತು.

ಕಿಟಕಿಯ ಕಡೆ ಅವಳಿಗೇ. ಮೊದಲ ದಿನವೇ ಮನಸ್ಸಿನಲ್ಲಿ ಕೊಟ್ಟಾಗಿದೆ. ಫೋನಿನಲ್ಲಿ ಬಾಯಿ ಬಿಟ್ಟೀಯೆ, ಜೋಕೆ. ಸೋಮವಾರದ ತನಕ ಜಗಳವಾಡಲಿ.

ನಿನ್ನ ಭಾವ